ಎದೆಯ ಬಲಾಬಲ ಅಳೆಯುವ ವಿದ್ಯೆ

(ಯಾದಗಿರಿ, ಶಹಾಪುರ, ಸುರಪುರಗಳ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಮುಂದೆ ಮಾಡಿದ ಭಾಷಣ)



ಕೂಲಿಯ ಮಾತು ದಿನವೂ ಆಡುತ್ತೇವೆ. ಇಂದು ಉಸಿರಿನ ಮಾತು ಆಡೋಣ. ಉಸಿರಿದ್ದರಲ್ಲವೇ ಕೂಲಿ? ಹತ್ತಿ ಜಿನ್ನಿನಲ್ಲಿ ಅರಳೆಯ ಧೂಳು, ಬೇಳೆ ಗಿರಣಿಯಲ್ಲಿ ತೊಗರಿ ಹೊಟ್ಟು, ಅಕ್ಕಿ ಗಿರಣಿಯಲ್ಲಿ ತೌಡು. ಇಷ್ಟು ಸಾಲದೆಂದು ಮೇಲೆ ಬೀಡಿ. ಇಂಥ ಎದೆಗೆ ಕ್ಯಾನ್ಸರ್ ಬಂದರೆ ವಿಕಿರಣ ಚಿಕಿತ್ಸೆ ಕೊಡುತ್ತಾರೆ. ನಮ್ಮ ಜನ ಅದಕ್ಕೆ 'ಕರೆಂಟ್ ಕೊಡುವುದು' ಅನ್ನುತ್ತಾರೆ. ಅದು ಕರೆಂಟ್ ಅಲ್ಲ. ಎಕ್ಸ್‌ರೇ ಜಾತಿಯದೇ ಆದ, ಅದಕ್ಕಿಂತ ಬಹಳ ಬಲವಾದ ಕಿರಣ.

ಈ ಕಿರಣ ಗಡ್ಡೆಯನ್ನು ಕೊಲ್ಲುತ್ತದೆ, ಆದರೆ ನೆರೆಯ ಒಳ್ಳೆಯ ಭಾಗಕ್ಕೂ ಪೆಟ್ಟು ಕೊಡುತ್ತದೆ. ತಲೆಯ ಗಡ್ಡೆಯಾದರೆ ತಲೆ ಅಲ್ಲಾಡದಂತೆ ಹಿಡಿಯಬಹುದು. ಶ್ವಾಸಕೋಶದ ಗಡ್ಡೆ ಉಸಿರಿನೊಡನೆ ಏರಿಳಿಯುತ್ತದೆ. ಕೆಳಭಾಗದಲ್ಲಿದ್ದರೆ ಕೆಲವರಲ್ಲಿ 2 ಸೆಂಟಿಮೀಟರಿಗೂ ಹೆಚ್ಚು. ಗುರಿ ತಪ್ಪಬಾರದೆಂದು ಡಾಕ್ಟರು ಸುತ್ತಲೂ ಅಂಚು ಬಿಟ್ಟು ಕಿರಣ ಹಾಯಿಸುತ್ತಾರೆ. ಅಂಚು ಅಗಲವಾದಷ್ಟೂ ಒಳ್ಳೆಯ ಶ್ವಾಸಕೋಶಕ್ಕೆ ಹಾನಿ. ಚಿಕಿತ್ಸೆ ಮುಗಿದು 1ರಿಂದ 6 ತಿಂಗಳೊಳಗೆ ಕೆಲವರಿಗೆ ಒಣಕೆಮ್ಮು, ದಮ್ಮು ಬರುವುದು ಈ ಹಾನಿಯಿಂದಲೇ.

ಈ ಶತಮಾನದ ಮೊದಲ ವರ್ಷಗಳಲ್ಲಿ ನಾಲ್ಕು ಆಯಾಮದ ಸಿ.ಟಿ. ಸ್ಕ್ಯಾನ್ ಬಂದಿತು. ಒಂದು ಉಸಿರನ್ನು ಸಾಮಾನ್ಯವಾಗಿ 10 ಹಂತ ಮಾಡಿ, ಹಂತಹಂತಕ್ಕೂ ಎದೆಯ ಚಿತ್ರ ಕೊಡುವ ಯಂತ್ರವಿದು. ಗಡ್ಡೆ ಎಲ್ಲಿಂದ ಎಲ್ಲಿಗೆ ಸರಿಯಿತೆಂದು ಕಾಣುತ್ತದೆ. ಇದರ ಮುಂದಿನ ಹೆಜ್ಜೆ, ಶ್ವಾಸಕೋಶದ ಯಾವ ಭಾಗ ಎಷ್ಟು ಹಿಗ್ಗಿ ಕುಗ್ಗಬಲ್ಲುದೆಂದು ಆ ಚಿತ್ರಗಳಿಂದಲೇ ಲೆಕ್ಕ ಹಾಕುವುದು. ಅಮೆರಿಕದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದವರು ಈ ಕೆಲಸ ಮಾಡಿದ್ದಾರೆ.

ಲೆಕ್ಕ ಹೇಗೆ? ಅಂಗಡಿಯವರಿಗೆ ತಕ್ಕಡಿ ಗೊತ್ತು. ಮಾಲಿನ ತೂಕ ಗೊತ್ತಿಲ್ಲದಾಗ ಒಂದು ಕಲ್ಲು ಇಡುತ್ತೀರಿ, ಒಂದು ತೆಗೆಯುತ್ತೀರಿ, ಮುಳ್ಳು ನೆಟ್ಟಗಾಗುವವರೆಗೆ. ಕಂಪ್ಯೂಟರೂ ಹಾಗೆಯೇ. ಈ ಭಾಗ ಇಷ್ಟು ಗಡುಸು ಎಂದು ಊಹಿಸುತ್ತದೆ. ಹಾಗಿದ್ದರೆ ಉಸಿರಿಗೆ ಎಷ್ಟು ಹಿಗ್ಗಬೇಕೆಂದು ಲೆಕ್ಕ ಹಾಕುತ್ತದೆ. ಚಿತ್ರಕ್ಕೆ ತಾಳೆಯಾಗದಿದ್ದರೆ ಊಹೆಯನ್ನು ತಿದ್ದುತ್ತದೆ. ತಾಳೆಯಾದಾಗ ಎದೆಯ ಬಲಾಬಲದ ನಕ್ಷೆ ಸಿದ್ಧ.

ಜಿನ್ನಿನವರಿಗೆ ಇದು ಹೊಸತೇನಲ್ಲ. ಒಣ ಅರಳೆ ಹಿಂಡಿ ಬಿಟ್ಟರೆ ಮತ್ತೆ ಅರಳುತ್ತದೆ. ತೊಯ್ದದ್ದು ಮುದ್ದೆಯಾಗಿಯೇ ಉಳಿಯುತ್ತದೆ. ಬಹುಕಾಲದ ಬೀಡಿಯ ಹೊಗೆಯಿಂದ ಶ್ವಾಸಕೋಶ ಸಡಿಲಾಗಿ ಮರುಕುಗ್ಗುವ ಶಕ್ತಿ ಕಳೆದುಕೊಳ್ಳುತ್ತದೆ. ಹಳೆಯ ಕ್ಷಯದ ಕಲೆ ಗಡುಸಾಗುತ್ತದೆ. ಆದ್ದರಿಂದ ಒಬ್ಬರ ಎದೆಯ ಅಳತೆ ಇನ್ನೊಬ್ಬರಿಗೆ ಹೊಂದದು. ಚೆನ್ನಾಗಿ ಉಸಿರಾಡುವ ಭಾಗ ಯಾವುದೆಂದು ತಿಳಿದರೆ ಅದನ್ನು ಆದಷ್ಟು ತಪ್ಪಿಸಿ ಕಿರಣ ಹಾಯಿಸಬಹುದು. ಅರ್ಧ ಎದೆಯಲ್ಲೇ ಬದುಕುತ್ತಿರುವ ಕಾರ್ಮಿಕನಿಗೆ ಉಳಿದರ್ಧವೇ ಆಸ್ತಿ. ನಾಲ್ಕು ಆಯಾಮದ ಸ್ಕ್ಯಾನ್ ದೊಡ್ಡ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಬಲಾಬಲದ ನಕ್ಷೆ ಇನ್ನೂ ಬಹುಮಟ್ಟಿಗೆ ಸಂಶೋಧನೆಯಲ್ಲಿದೆ.

ಆದರೆ ವಿದ್ಯೆ ಇದ್ದರೆ ಸಾಲದು, ಕೈಗೆ ಎಟುಕಬೇಕು. 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯ ಕೇಂದ್ರವೊಂದು ಕಲಬುರಗಿಯಲ್ಲಿದೆ. ಸಾಮಾನ್ಯ ಕ್ರಮದಲ್ಲಿ ಕಿರಣ ಚಿಕಿತ್ಸೆ ವಾರಕ್ಕೆ 5 ದಿನದಂತೆ 6 ವಾರ, 30 ಸಲ. ಸುರಪುರದಿಂದ ಕಲಬುರಗಿ ಸುಮಾರು ನೂರು ಕಿಲೋಮೀಟರು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯುಂಟು. ಆದರೆ ಆರು ವಾರದ ದಿನಗೂಲಿಯನ್ನು ಕಾರ್ಡು ತುಂಬಿಕೊಡುವುದಿಲ್ಲ. ಮುಚ್ಚಿದ ಅಂಗಡಿಯ ಬಾಡಿಗೆಯನ್ನೂ ಕಟ್ಟುವುದಿಲ್ಲ.

ಹೀಗಾಗಿ ನಾವು ಮಾಡಬೇಕಾದುದು ಇಷ್ಟು. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ. ಕ್ಷಯವಲ್ಲವೆಂದು ಬಂದರೆ, ಇಲ್ಲವೇ ಕ್ಷಯದ ಮಾತ್ರೆಗೂ ಬಗ್ಗದಿದ್ದರೆ, ಎದೆಯ ಸ್ಕ್ಯಾನ್ ಮಾಡಿಸಿರೆಂದು ಕೇಳಿ. ಕ್ಷಯವೆಂದೇ ತಿಳಿದು ತಿಂಗಳುಗಟ್ಟಲೆ ಕಳೆದು, ಗಡ್ಡೆ ಬೆಳೆದ ಮೇಲೆ ಹೋದವರು ಬಹಳ. ರಜೆ ಮುಗಿಸಿ ಗಿರಣಿಗೆ ಬಂದ ಮೊದಲ ದಿನವೇ ಎದೆ ಬಿಗಿದರೆ ಅದು ಹತ್ತಿ ಧೂಳಿನ ರೋಗವಿದ್ದೀತು. ಕೆಲಸದಿಂದ ಬರುವ ರೋಗಗಳಿಗೆ ಪರಿಹಾರ ಕೊಡುವ ಕಾನೂನಿನ ಪಟ್ಟಿಯಲ್ಲಿ ಅದರ ಹೆಸರಿದೆ. ಗಿರಣಿಗಳಲ್ಲಿ ಧೂಳು ಹೀರುವ ಫ್ಯಾನು ಕೇಳೋಣ, ಚಿಕಿತ್ಸೆಯ ದಿನಗಳಿಗೆ ಕೂಲಿ ಕೇಳೋಣ, ಆ ಸ್ಕ್ಯಾನು ಕಲಬುರಗಿಯಲ್ಲೇ ಎಲ್ಲರಿಗೂ ದೊರೆಯಲೆಂದು ಕೇಳೋಣ. ಬೀಡಿ ಬಿಡುವುದಕ್ಕೆ ಮಾತ್ರ ಯಾರನ್ನೂ ಕೇಳಬೇಕಾಗಿಲ್ಲ. ಅದು ನಮ್ಮ ಕೈಯಲ್ಲೇ ಇದೆ.