ಪ್ರೀತಿ ಮುಂದೆ, ಮಾತು ಹಿಂದೆ

ತಾನು ಕಂಡ ಒಳಿತನ್ನು ಇನ್ನೊಬ್ಬರಿಗೆ ಹೇಳಬೇಕೆನ್ನುವುದು ಮನುಷ್ಯಸಹಜವಾದ ಆಸೆ. ಒಳ್ಳೆಯ ಕಾವ್ಯವನ್ನು ಓದಿದವನು ಗೆಳೆಯನ ಮನೆಯ ಬಾಗಿಲು ತಟ್ಟುತ್ತಾನೆ; ಬರಗಾಲದಲ್ಲಿ ಸಿಹಿನೀರಿನ ಸೆಲೆ ಕಂಡವನು ಊರಿಗೆಲ್ಲ ಸುದ್ದಿ ಮುಟ್ಟಿಸುತ್ತಾನೆ. ದೇವರ ಪ್ರೀತಿಯನ್ನು ಕಂಡೆನೆಂದು ನಂಬಿದವನು ಅದನ್ನು ಹೇಳದೆ ಹೇಗೆ ಸುಮ್ಮನಿದ್ದಾನು? ಕ್ರೈಸ್ತರು ಈ ಹೇಳುವಿಕೆಯನ್ನು 'ಸಾಕ್ಷಿ' ಎಂದು ಕರೆಯುತ್ತಾರೆ. ಕನ್ನಡದಲ್ಲಿ ಇದು ಬಹಳ ಬೆಲೆಯುಳ್ಳ ಮಾತು. ಸಾಕ್ಷಿಯಾದವನು ಕಂಡಷ್ಟನ್ನು ಹೇಳುತ್ತಾನೆ; ವಾದ ಮಾಡುವುದು ವಕೀಲನ ಕೆಲಸ, ತೀರ್ಪು ಕೊಡುವುದು ನ್ಯಾಯಾಧೀಶನ ಕೆಲಸ. ಈ ಮೂರನ್ನೂ ಒಬ್ಬನೇ ಮಾಡಹೊರಟಾಗ ಏನಾಗುತ್ತದೆಂಬುದನ್ನು ನಾನು ಗ್ರಂಥಗಳಿಂದ ಕಲಿತವನಲ್ಲ. ನನ್ನದೇ ಒಂದು ತಪ್ಪಿನಿಂದ ಕಲಿತವನು. ಆ ತಪ್ಪಿನ ಕಥೆಯನ್ನೂ, ಅದಕ್ಕೆ ಮೊದಲು ಕಂಡಿದ್ದ ಒಂದು ಒಳ್ಳೆಯ ಸಂಗತಿಯನ್ನೂ ಇಂದು ತಮ್ಮ ಮುಂದಿಡುತ್ತಿದ್ದೇನೆ.

2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಸೀಮೆ ನನ್ನ ಹುಟ್ಟುಸೀಮೆ. ಜೋಳ, ಶೇಂಗಾ ಬೆಳೆಯುವ, ಮುಗಿಲನ್ನು ನೋಡಿ ಬದುಕುವ ನೆಲ. ಕೊಟ್ಟೂರೇಶ್ವರನ ತೇರು, ಉಜ್ಜಿನಿಯ ಪೀಠ, ಮೈಲಾರದ ಕಾರಣಿಕ ಇವುಗಳ ನಡುವೆ ಬೆಳೆದ ಜನಕ್ಕೆ ದೇವರ ಮಾತು ಹೊಸದಲ್ಲ. ಕೂಡ್ಲಿಗಿಯ ಕಡೆಯ ನಮ್ಮ ಹಳ್ಳಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ತಂದೆ ಶಾಲೆಯ ಮೇಷ್ಟ್ರು. ತಾಯಿ ಹೆರಿಗೆ ಮಾಡಿಸುವ ನರ್ಸಮ್ಮ.

ನಾನಾಗ ಹತ್ತು ವರ್ಷದ ಹುಡುಗ. ಒಂದು ಮಳೆಗಾಲದ ನಡುರಾತ್ರಿ ಊರ ಹೊರಗಿನ ಒಕ್ಕಲುಮನೆಯಿಂದ ಕರೆ ಬಂತು. ಲಾಟೀನು ಹಿಡಿದು ನಾನೂ ಅವ್ವನ ಹಿಂದೆ ಹೊರಟೆ. ಬೆಳಗಿನ ಜಾವಕ್ಕೆ ತಾಯಿ ಮಗು ಎರಡೂ ಉಳಿದವು. ಮನೆಯ ಅಜ್ಜಿ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಡಹೋದಳು, ಅವ್ವ ತೆಗೆದುಕೊಳ್ಳಲಿಲ್ಲ. ಅಜ್ಜಿಗೆ ಆಶ್ಚರ್ಯವಾಯಿತು.

"ಯಾಕವ್ವಾ, ಈ ಮಳ್ಯಾಗ, ಈ ಕತ್ತಲಾಗ ಓಡಿ ಬಂದಿ. ದುಡ್ಡೂ ಒಲ್ಲೆ ಅಂತಿ. ನಿನಗ ಹಿಂಗ ಮಾಡು ಅಂತ ಯಾರು ಹೇಳ್ಯಾರ?"

"ನಮ್ಮ ಸ್ವಾಮಿ ಹೇಳ್ಯಾನವ್ವ, ಯೇಸುಸ್ವಾಮಿ. ನನ್ನ ಕಷ್ಟದಾಗ ಆತ ನನ್ನ ಕೈ ಬಿಡಲಿಲ್ಲ. ನಾನು ಹೆಂಗ ನಿಮ್ಮ ಕೈ ಬಿಡಲಿ?"

ಅಷ್ಟೇ. ಅವ್ವ ಮುಂದೆ ಒಂದು ಮಾತನ್ನೂ ಸೇರಿಸಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳ್ಳೆ ಸ್ವಾಮಿನ ಹಿಡದೀ ಬಿಡವ್ವಾ. ನಿನ್ನ ಹೆಸರಿನಾಗ ನಮ್ಮ ಕೊಟ್ರಯ್ಯಗ ಒಂದು ಕಾಯಿ ಒಡಸ್ತೀನಿ" ಎಂದಳು. ಹೇಳಿದಂತೆಯೇ ವಾರದೊಳಗೆ ಒಡೆದ ಕಾಯಿಯ ಒಂದು ಹೋಳನ್ನು ನಮ್ಮ ಮನೆಗೆ ತಂದಳು. ತಂದೆಯ ಮುಖದಲ್ಲಿ ಒಂದು ತೊಡಕು ಕಂಡಿತು. ಬೇರೆ ದೇವರಿಗೆ ಅರ್ಪಿಸಿದ್ದನ್ನು ಉಣ್ಣಬಹುದೆ ಎಂಬ ಪ್ರಶ್ನೆ ಕ್ರೈಸ್ತರಿಗೆ ಹಳೆಯದು. ಸಂತ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದಲ್ಲಿ ಅದನ್ನು ವಿವರವಾಗಿ ಚರ್ಚಿಸಿದ್ದಾನೆ. ಅವ್ವ ಎರಡು ಕೈಯೊಡ್ಡಿ ಆ ಹೋಳನ್ನು ತೆಗೆದುಕೊಂಡಳು. ಆಮೇಲೆ ತಂದೆಗೆ, "ಆಕಿ ಕೊಟ್ಟದ್ದು ಕಾಯಿ ಅಲ್ಲರೀ, ಮನಸು" ಎಂದಳು. ಅಜ್ಜಿ ಕೊನೆಯವರೆಗೂ ಕೊಟ್ಟೂರೇಶ್ವರನ ಭಕ್ತೆಯಾಗಿಯೇ ಉಳಿದಳು. ಅವ್ವ ಕೊನೆಯವರೆಗೂ ಯೇಸುವಿನ ಭಕ್ತೆ. ಆದರೆ ಆ ರಾತ್ರಿ ಯೇಸುವಿನ ಹೆಸರು ಆ ಮನೆಯಲ್ಲಿ ಗೌರವದಿಂದ ನೆಲೆಸಿತು.

ಆ ಅಜ್ಜಿಯ ಹಿರಿಯ ಮೊಮ್ಮಗ ನನ್ನ ಸಹಪಾಠಿ. ಅವರ ಮನೆಯ ರೊಟ್ಟಿ, ಗುರೆಳ್ಳು ಪುಡಿಯ ಮೇಲೆ ನಾನು ಅರ್ಧ ಬೆಳೆದೆನೆಂದರೂ ಸಲ್ಲುತ್ತದೆ. ಇಪ್ಪತ್ತನೆಯ ವಯಸ್ಸಿನಲ್ಲಿ, ಕಾಲೇಜಿನಲ್ಲಿ ನಾಲ್ಕು ಅಕ್ಷರ ಕಲಿತ ಹಮ್ಮಿನಲ್ಲಿ, ಕೊಟ್ಟೂರಿನ ತೇರಿಗೆ ನಾನು ಕೆಲವು ಕರಪತ್ರಗಳನ್ನು ಹಿಡಿದು ಹೋದೆ. ಗೆಳೆಯನೂ ಅಲ್ಲಿ ಸಿಕ್ಕಿದ. ಮಾತಿಗೆ ಮಾತು ಬೆಳೆಯಿತು. ಅವನ ಮನೆದೇವರನ್ನು ಕುರಿತು ನಾನು ತರ್ಕ ಹೂಡಿದೆ, ಲೇವಡಿಯನ್ನೂ ಮಾಡಿದೆ. ಸುತ್ತ ನಾಲ್ಕು ಜನ ಸೇರಿದ್ದರು. ಅವನಿಗೆ ಉತ್ತರ ಹೊಳೆಯಲಿಲ್ಲ. ಕಡೆಗೆ ಅವನು ಮೆಲ್ಲಗೆ ಹೇಳಿದ: "ನೀ ಗೆದ್ದೆಪ್ಪ. ಆದರ ನಮ್ಮಜ್ಜಿ ರೊಟ್ಟಿ ಬಡದು ಹಾಕುವಾಗ ಈ ಮಾತು ಕೇಳಿರಲಿಲ್ಲ ನೀನು."

ಅವನು ಜನದೊಳಗೆ ಕರಗಿಹೋದ. ಮುಂದೆ ಹಲವು ವರ್ಷ ನನ್ನೊಡನೆ ಮಾತಾಡಲಿಲ್ಲ. ನಾನು ವಾದದಲ್ಲಿ ಗೆದ್ದು, ನನ್ನ ಅವ್ವ ಒಂದು ರಾತ್ರಿಯಲ್ಲಿ ತೆರೆದಿದ್ದ ಬಾಗಿಲನ್ನು ಮುಚ್ಚಿದ್ದೆ. ಅವ್ವ ಆಡಿದ್ದೂ ಯೇಸುವಿನ ಹೆಸರನ್ನೇ, ನಾನು ಆಡಿದ್ದೂ ಅದನ್ನೇ. ಅವಳದು ಸಾಕ್ಷಿಯಾಯಿತು, ನನ್ನದು ಸದ್ದಾಯಿತು. ಈ ವ್ಯತ್ಯಾಸದ ಕಾರಣವನ್ನು ಹುಡುಕುತ್ತ ನಾನು ನಮ್ಮ ಬಳ್ಳಾರಿ ಸೀಮೆಯ ಹಿಂದಿನ ಚರಿತ್ರೆಗೆ ಹೋದೆ.

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅಚ್ಚಾದ ಕನ್ನಡ ವ್ಯಾಕರಣವಾಗಲಿ ನಿಘಂಟಾಗಲಿ ಅಂದು ಇರಲಿಲ್ಲ. ಆತ ಹೇಳಲು ಬಂದವನು. ಆದರೆ ಮೊದಲು ಕೇಳಬೇಕಾಯಿತು. ಈ ನೆಲದ ಜನ ಹಸಿವಿಗೆ, ನೋವಿಗೆ, ಕರುಣೆಗೆ ಯಾವ ಮಾತು ಬಳಸುತ್ತಾರೆಂದು ಕಿವಿಗೊಟ್ಟು ಕಲಿಯಬೇಕಾಯಿತು. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬರುವ ಹೊತ್ತಿಗೆ ಎರಡು ದಶಕಗಳು ಸಂದಿದ್ದವು. ಆತನ ಸಹೋದ್ಯೋಗಿ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದ. ಕನ್ನಡದ ಮೊದಲ ಪತ್ರಿಕೆಯೆನ್ನಿಸಿದ 'ಮಂಗಳೂರ ಸಮಾಚಾರ' 1843ರ ಜುಲೈ ಒಂದರಂದು ಹೆರ್ಮನ್ ಮೋಗ್ಲಿಂಗನ ಸಂಪಾದಕತ್ವದಲ್ಲಿ ಹುಟ್ಟಿ, ಮರುವರ್ಷ 'ಕನ್ನಡ ಸಮಾಚಾರ'ವಾಗಿ ಅಚ್ಚಾದದ್ದೂ ಬಳ್ಳಾರಿಯಲ್ಲೇ.

ಬಾಸೆಲ್ ಮಿಷನ್ನಿನ ಈ ಮೋಗ್ಲಿಂಗನ ಕಥೆ ಇನ್ನೂ ಯೋಚನೆಗೆ ಹಚ್ಚುವಂಥದು. ತನ್ನ ಧರ್ಮವನ್ನು ಸಾರಲೆಂದೇ 1836ರಲ್ಲಿ ಭಾರತಕ್ಕೆ ಬಂದವನು ಆತ. 1848ರಿಂದ 1853ರವರೆಗೆ ಆತ ಅಚ್ಚು ಹಾಕಿಸಿದ ಕನ್ನಡ ಗ್ರಂಥಮಾಲೆಯಲ್ಲಿ ಜೈಮಿನಿ ಭಾರತವಿದೆ, ಬಸವಪುರಾಣವಿದೆ, ದಾಸರ ಪದಗಳಿವೆ. ಯಾವ ಜನಕ್ಕೆ ತಾನು ಹೇಳಬೇಕೋ ಆ ಜನ ಯಾವುದನ್ನು ಪ್ರೀತಿಸುತ್ತಾರೆಂದು ತಿಳಿಯದೆ ಹೇಳುವುದು ಹೇಗೆ? 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲಿ 'ಕಥಾಮಾಲೆ'ಯನ್ನು ಪ್ರಕಟಿಸಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಹಾಡಲು ಯತ್ನಿಸಿದ. 1872ರಲ್ಲಿ ಜೈನಕವಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿದ. 1894ರಲ್ಲಿ ಸುಮಾರು ಎಪ್ಪತ್ತು ಸಾವಿರ ಶಬ್ದಗಳ ನಿಘಂಟನ್ನು ಕನ್ನಡಿಗರ ಕೈಗಿಟ್ಟ. ಪರರ ನುಡಿಯನ್ನು ಇಷ್ಟು ಶ್ರದ್ಧೆಯಿಂದ ಕಲಿಯುವುದು ಪ್ರೀತಿಯಿಲ್ಲದೆ ಆಗುವ ಕೆಲಸವಲ್ಲ.

ಹಾಗೆಂದು ಚರಿತ್ರೆಯ ಇನ್ನೊಂದು ಮುಖವನ್ನು ಮರೆಮಾಚಬಾರದು. ಈ ಕಾರ್ಯ ನಡೆದದ್ದು ಪರಕೀಯರ ಆಳ್ವಿಕೆಯ ನೆರಳಿನಲ್ಲಿ. ಹತ್ತೊಂಬತ್ತನೆಯ ಶತಮಾನದ ಮಿಷನರಿ ಬರಹಗಳಲ್ಲಿ ನಮ್ಮ ದೇವರುಗಳನ್ನೂ ಆಚಾರಗಳನ್ನೂ ಹಳಿಯುವ ಕಟುನುಡಿಗಳಿಗೆ ಕೊರತೆಯಿಲ್ಲ. ಅಂಥವನ್ನು ಬರೆದವರಲ್ಲಿ ನಾವು ಗೌರವಿಸುವ ಪಂಡಿತರೂ ಇದ್ದರು. ಆದರೆ ಕಾಲವೆಂಬುದು ಒಳ್ಳೆಯ ಮೊರ. ಜೊಳ್ಳನ್ನು ತೂರಿ ಕಾಳನ್ನು ಉಳಿಸುತ್ತದೆ. ಆ ಹಳಿಯುವ ಕರಪತ್ರಗಳನ್ನು ಇಂದು ಸಂಶೋಧಕರಲ್ಲದೆ ಯಾರೂ ಓದುವುದಿಲ್ಲ. ಕಿಟ್ಟೆಲ್ಲನ ನಿಘಂಟಾದರೋ ಜಾತಿಮತಗಳ ಹಂಗಿಲ್ಲದೆ ಪ್ರತಿಯೊಬ್ಬ ಕನ್ನಡ ಅಧ್ಯಾಪಕನ ಮೇಜಿನ ಮೇಲಿದೆ. ತಿರಸ್ಕಾರದಿಂದ ಆಡಿದ್ದು ಹೋಯಿತು. ಪ್ರೀತಿಯಿಂದ ದುಡಿದದ್ದು ಉಳಿಯಿತು. ಕೊಟ್ಟೂರಿನ ತೇರಿನಲ್ಲಿ ನಾನು ಹಿಡಿದಿದ್ದ ಕರಪತ್ರವೂ ಆ ಜೊಳ್ಳಿನ ಜಾತಿಯದೇ.

ಹಾಗಾದರೆ ನಂಬಿಕೆಯ ವಿಷಯದಲ್ಲಿ ಬಾಯಿ ತೆರೆಯದಿರುವುದೇ ಲೇಸೆ? ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನಿಟ್ಟ ಸ್ಮಾರಕವಿದೆ. ಗಾಂಧೀಜಿಯವರು ತಮ್ಮ ಮಿಷನರಿ ಸ್ನೇಹಿತರಿಗೆ ಗುಲಾಬಿಯ ಉದಾಹರಣೆಯನ್ನು ಕೊಡುತ್ತಿದ್ದರು: ಹೂವು ತನ್ನ ಕಂಪಿನ ಬಗೆಗೆ ಉಪನ್ಯಾಸ ಮಾಡುವುದಿಲ್ಲವೆಂಬುದು ಅದರ ತಾತ್ಪರ್ಯ. ಹಡಗಲಿಯ ಮಲ್ಲಿಗೆಯನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಚ್ಚಿದ ಬುಟ್ಟಿಯಲ್ಲಿದ್ದರೂ ಅದು ತನ್ನ ಇರವನ್ನು ತಿಳಿಸುತ್ತದೆ. ಆದರೂ ಒಂದು ಮಾತನ್ನು ವಿನಯದಿಂದ ಸೇರಿಸಬಯಸುತ್ತೇನೆ. ಹೂವಿಗೆ ನಾಲಿಗೆಯಿಲ್ಲ, ಮನುಷ್ಯನಿಗಿದೆ. "ನಿನಗ ಯಾರು ಹೇಳ್ಯಾರ?" ಎಂದು ಅಜ್ಜಿ ಕೇಳಿದಾಗ ಅವ್ವ ಉತ್ತರಿಸದೆ ಇದ್ದಿದ್ದರೆ, ಅದು ವಿನಯವಲ್ಲ, ಮುಚ್ಚಿಡುವಿಕೆಯಾಗುತ್ತಿತ್ತು. ಪ್ರೀತಿಯುಳ್ಳವರ ನಡುವೆ ಎದೆಯ ಮಾತಿಗೆ ಸ್ಥಳವಿರಬೇಕು.

ನಮ್ಮ ಸಂವಿಧಾನದ 25ನೆಯ ವಿಧಿ ತನ್ನ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಈ ಹಕ್ಕು ತತ್ತ್ವವನ್ನು ತಿಳಿಯಹೇಳುವ ಹಕ್ಕೇ ಹೊರತು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ತೀರ್ಪಿತ್ತಿತು. ಕಾನೂನಿನ ಗೆರೆ ಅದು. ಪ್ರೀತಿ ಎಳೆಯುವ ಗೆರೆ ಅದಕ್ಕಿಂತ ಬಿಗಿಯಾದದ್ದು. ಹಸಿದವನಿಗೆ ಅನ್ನ ತೋರಿಸಿ ಅವನ ನಂಬಿಕೆಯನ್ನು ಕೊಳ್ಳಲು ಪ್ರೀತಿ ಒಪ್ಪದು. ರೋಗಿಯ ಭಯವನ್ನು ಬಳಸಿಕೊಳ್ಳಲು ಒಪ್ಪದು. ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಸಾಮತಿಯನ್ನು ನೆನೆಯಿರಿ. ದಾರಿಯಲ್ಲಿ ಗಾಯಗೊಂಡು ಬಿದ್ದವನ ಕುಲವನ್ನು ಆತ ಕೇಳಲಿಲ್ಲ. ಗಾಯ ಕಟ್ಟಿದ, ಛತ್ರಕ್ಕೆ ಒಯ್ದ, ಖರ್ಚು ಕೊಟ್ಟ, ತನ್ನ ದಾರಿ ಹಿಡಿದ. ಆ ಕಥೆಯಲ್ಲಿ ಉಪದೇಶದ ಒಂದು ಮಾತೂ ಇಲ್ಲ. ನಮ್ಮ ಶರಣರ ನಾಡಿನಲ್ಲಿ ದಾಸೋಹವೆಂದರೂ ಇದೇ ಅಲ್ಲವೆ? ಕೊಟ್ಟೆನೆಂಬ ಹಮ್ಮಿಲ್ಲದೆ ಕೊಡುವುದು.

ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕವನ್ನು ನಮ್ಮ ಕಡೆಯವರು ಕಂಡೇ ಇರುತ್ತೀರಿ. ಉಪವಾಸವ್ರತ ಮಾಡಿದ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿದು ಕಾಯುತ್ತಾರೆ. ಆತ ನುಡಿಯುವುದು ಒಂದೇ ವಾಕ್ಯ. ಅದನ್ನು ಜನ ವರ್ಷವಿಡೀ ಮೆಲುಕು ಹಾಕುತ್ತಾರೆ. ಅದರ ನಂಬಿಕೆ ನನ್ನ ನಂಬಿಕೆಯಲ್ಲ. ಆದರೂ ಆ ದೃಶ್ಯ ನನಗೊಂದು ಪಾಠ. ಮಾತಿಗೆ ಮೊದಲು ವ್ರತ ಬೇಕು. ಕ್ರೈಸ್ತನ ಪಾಲಿಗೆ ಆ ವ್ರತವೆಂದರೆ ನೆರೆಯವನನ್ನು ಪ್ರೀತಿಸುವುದು. ಬಿಲ್ಲನ್ನೇರುವ ಆತುರದಲ್ಲಿ ನಾನು ಅದನ್ನು ಬಿಟ್ಟುಬಿಟ್ಟಿದ್ದೆ.

ಕೊಟ್ಟೂರಿನ ಆ ತೇರು ಕಳೆದು ಹನ್ನೊಂದು ವರ್ಷಗಳ ಮೇಲೆ, ಅಜ್ಜಿ ತೀರಿಕೊಂಡ ಸುದ್ದಿ ಬಂದಾಗ ನಾನು ಆ ಮನೆಯ ಹೊಸ್ತಿಲಲ್ಲಿ ನಿಂತೆ. ಗೆಳೆಯನಿಗೆ, "ಅಂದು ನಾನು ತಪ್ಪು ಮಾತಾಡಿದೆ" ಎಂದೆ. ಅವನು ಏನೂ ಹೇಳದೆ ಒಳಗೆ ಕರೆದು ಕೂರಿಸಿದ. ರಾತ್ರಿ ಬಹಳ ಹೊತ್ತು ಇಬ್ಬರೂ ಸುಮ್ಮನೆ ಕುಳಿತಿದ್ದೆವು. ಕಡೆಗೆ ಅವನೇ ಕೇಳಿದ: "ನಿಮ್ಮವ್ವ ಅವತ್ತು ನಮ್ಮಜ್ಜಿಗೆ ಏನೋ ಹೇಳಿದ್ಲಂತಲ್ಲ, ನಿಮ್ಮ ಸ್ವಾಮಿ ಬಗ್ಗೆ. ಅಜ್ಜಿ ಭಾಳ ಸಲ ಅಂತಿದ್ಲು. ಏನದು?"

ಅವ್ವ ಹೇಳಿದ್ದಷ್ಟನ್ನೇ ನಾನೂ ಹೇಳಿದೆ. ಅದಕ್ಕಿಂತ ಹೆಚ್ಚು ಹೇಳುವ ಅರ್ಹತೆ ನನಗಿರಲಿಲ್ಲ. ಅಂದು ಅದರ ಅಗತ್ಯವೂ ಇರಲಿಲ್ಲ.