ಭಾನುವಾರದ ರೆಫರಿ

ಹೋದ ಭಾನುವಾರವೂ ಹುಡುಗರ ಕ್ರಿಕೆಟ್ ತಂಡದ ಬೌಲರ್ ಆಟಕ್ಕೆ ಬರಲಿಲ್ಲ. ಎಂಟೂವರೆಗೆ ಮೈದಾನದ ಪಕ್ಕದ ರಸ್ತೆಯಲ್ಲೇ ಹಾದುಹೋದ. ಇಸ್ತ್ರಿ ಮಾಡಿದ ತುಂಬುತೋಳಿನ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಅಮ್ಮನ ಸ್ಕೂಟರಿನ ಹಿಂದಿನ ಸೀಟು, ತೊಡೆಯ ಮೇಲೆ ಕಪ್ಪು ರಟ್ಟಿನ ಬೈಬಲ್. ‘ಲೇ, ಒಂದ್ ವಾರ ಚರ್ಚಿಗೆ ಚಕ್ಕರ್ ಹೊಡಿಯೋ, ಇವತ್ತು ಫೈನಲ್ ಕಣೋ!’ ಎಂದು ಪಿಚ್ಚಿನಿಂದ ಕೂಗು ಬಂತು. ಹುಡುಗ ಹಲ್ಲು ಬಿಟ್ಟು ಕೈಯಾಡಿಸಿದ. ಸ್ಕೂಟರು ತಿರುವು ದಾಟುವವರೆಗೂ ಅವನ ಕತ್ತು ಮಾತ್ರ ಮೈದಾನದ ಕಡೆಗೇ ಇತ್ತು.

ಆಟದ ಮೇಲೆ ಆಸೆಯಿಲ್ಲದವನು ಭಾನುವಾರ ಆಟ ಬಿಟ್ಟರೆ ಅದರಲ್ಲೇನಿದೆ? ಆ ಕತ್ತಿನಿಂದಾಗಿಯೇ ಎರಿಕ್ ಲಿಡೆಲ್ ನೆನಪಿಗೆ ಬರುವುದು.

1924ರ ಪ್ಯಾರಿಸ್ ಒಲಿಂಪಿಕ್ಸ್. ಲಿಡೆಲ್‌ಗೆ ಆಗ 22 ವರ್ಷ. ಚೀನಾದ ಟಿಯಾಂಜಿನ್‌ನಲ್ಲಿ ಸ್ಕಾಟಿಷ್ ಮಿಷನರಿ ದಂಪತಿಗೆ ಹುಟ್ಟಿದವರು, ಎಡಿನ್‌ಬರೋದಲ್ಲಿ ಓದುತ್ತಿದ್ದವರು, ಸ್ಕಾಟ್ಲೆಂಡಿನ ರಗ್ಬಿ ತಂಡದಲ್ಲೂ ಆಡಿದವರು. ಹಿಂದಿನ ವರ್ಷವಷ್ಟೇ 100 ಗಜದ ಓಟವನ್ನು 9.7 ಸೆಕೆಂಡಿನಲ್ಲಿ ಮುಗಿಸಿ ಬ್ರಿಟನ್ನಿನ ದಾಖಲೆ ಬರೆದಿದ್ದರು. 100 ಮೀಟರಿನ ಚಿನ್ನಕ್ಕೆ ಅವರ ಹೆಸರು ಎಲ್ಲರ ಬಾಯಲ್ಲಿತ್ತು. ಆದರೆ ಅದರ ಹೀಟ್ಸ್ ಜುಲೈ 6ಕ್ಕೆ ಬಿತ್ತು, ಭಾನುವಾರ. ಕರ್ತನ ದಿನ ಓಡುವುದಿಲ್ಲ ಎಂದುಬಿಟ್ಟರು ಲಿಡೆಲ್. ರಿಲೇ ಓಟಗಳನ್ನೂ ಅದೇ ಕಾರಣಕ್ಕೆ ಬಿಟ್ಟರು.

1981ರಲ್ಲಿ ತೆರೆಗೆ ಬಂದು ಆಸ್ಕರ್ ಗೆದ್ದ ‘ಚಾರಿಯಟ್ಸ್ ಆಫ್ ಫೈರ್’ ಸಿನಿಮಾದಲ್ಲಿ ಈ ಸುದ್ದಿ ಅವರಿಗೆ ತಿಳಿಯುವುದು ಪ್ಯಾರಿಸ್‌ಗೆ ಹಡಗು ಹತ್ತುವ ಹೊತ್ತಿಗೆ. ಆಮೇಲೆ ಬ್ರಿಟನ್ನಿನ ಯುವರಾಜರ ಎದುರು ನಿಂತು ‘ಆಗುವುದಿಲ್ಲ’ ಎನ್ನುತ್ತಾರೆ. ಥಿಯೇಟರಿನಲ್ಲಿ ಮೈ ಜುಮ್ಮೆನ್ನುತ್ತದೆ. ನಡೆದದ್ದು ಅಷ್ಟು ನಾಟಕೀಯವಾಗಿರಲಿಲ್ಲ. ವೇಳಾಪಟ್ಟಿ ಎಷ್ಟೋ ತಿಂಗಳ ಮೊದಲೇ ಗೊತ್ತಿತ್ತು. ಲಿಡೆಲ್ ಸದ್ದಿಲ್ಲದೆ 200 ಮತ್ತು 400 ಮೀಟರಿನ ಅಭ್ಯಾಸಕ್ಕೆ ಇಳಿದಿದ್ದರು. ಹಾಗೆ ನೋಡಿದರೆ ಇದೇ ಹೆಚ್ಚು ಕಷ್ಟದ್ದು. ದೊಡ್ಡವರ ಮುಂದೆ ಒಂದು ಸಲ ಎದೆಯುಬ್ಬಿಸಿ ‘ಬೇಡ’ ಎಂದರೆ ಚಪ್ಪಾಳೆಯಾದರೂ ಸಿಗುತ್ತದೆ. ಕೈಗೆ ಬಂದಿದ್ದ ಓಟವನ್ನು ಬಿಟ್ಟು, ತನ್ನದಲ್ಲದ ದೂರವನ್ನು ತಿಂಗಳುಗಟ್ಟಲೆ ಓಡಿ ಓಡಿ ಮೈಗೆ ರೂಢಿಸಿಕೊಳ್ಳುವುದನ್ನು ಯಾರು ನೋಡುತ್ತಾರೆ?

100 ಮೀಟರ್ ಚಿನ್ನ ಇಂಗ್ಲೆಂಡಿನ ಹೆರಾಲ್ಡ್ ಅಬ್ರಹಾಮ್ಸ್ ಪಾಲಾಯಿತು. 200ರಲ್ಲಿ ಲಿಡೆಲ್‌ಗೆ ಕಂಚು. ಜುಲೈ 11, ಶುಕ್ರವಾರ, 400ರ ಫೈನಲ್. ಸಿಕ್ಕಿದ್ದು ಅಂಚಿನ ಲೇನು. ಅಲ್ಲಿ ಎದುರಾಳಿಗಳೆಲ್ಲ ಬೆನ್ನ ಹಿಂದೆ, ಯಾರು ಎಲ್ಲಿದ್ದಾರೆ ಎಂಬುದೇ ಕಾಣದು. ಲಿಡೆಲ್ ಓಡುತ್ತಿದ್ದ ರೀತಿಯಂತೂ ಯಾವ ತರಬೇತುದಾರನೂ ಮೆಚ್ಚುವಂಥದ್ದಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ತೆರೆದು, ಕೈಗಳು ಗಾಳಿ ಬಡಿಯುತ್ತಾ ಹೋಗುವ ಓಟ. ಹಾಗೆಯೇ ಓಡಿದರು. 47.6 ಸೆಕೆಂಡು, ಹೊಸ ದಾಖಲೆ, ಚಿನ್ನ.

ಭಾನುವಾರ ಬಿಟ್ಟದ್ದಕ್ಕೆ ದೇವರು ಶುಕ್ರವಾರ ಬಡ್ಡಿ ಸಮೇತ ಕೊಟ್ಟ ಎಂದು ಪ್ರಸಂಗಗಳಲ್ಲಿ ಹೇಳುವುದುಂಟು. ಕೇಳಲು ಹಿತ. ಆದರೆ ಲಿಡೆಲ್ ಬದುಕನ್ನು ಇನ್ನಷ್ಟು ಮುಂದಕ್ಕೆ ಓದಿದರೆ ಈ ಲೆಕ್ಕ ತಾಳೆಯಾಗುವುದಿಲ್ಲ.

ಮರುವರ್ಷವೇ, ಓಟಗಾರನ ಕಾಲುಗಳಿಗೆ ಬಲ ತುಂಬಿದ್ದ ವಯಸ್ಸಿನಲ್ಲಿ, ಅವರು ಚೀನಾಕ್ಕೆ ಹೊರಟರು. ಟಿಯಾಂಜಿನ್‌ನ ಕಾಲೇಜಿನಲ್ಲಿ ಹುಡುಗರಿಗೆ ವಿಜ್ಞಾನದ ಮೇಷ್ಟ್ರು, ಆಮೇಲೆ ಹಳ್ಳಿಗಾಡಿನಲ್ಲಿ ಮಿಷನ್ ಕೆಲಸ. ಹಾಗೆಂದು ಓಟಕ್ಕೆ ಬೆನ್ನು ತಿರುಗಿಸಿದ ಸನ್ಯಾಸಿಯಾಗಲಿಲ್ಲ; ಅಲ್ಲೂ ಆಗೀಗ ಪಂದ್ಯಗಳಲ್ಲಿ ಓಡಿದರು. ಓಡುವಾಗ ದೇವರ ಸಂತೋಷ ತಾಕುತ್ತದೆ ಎಂಬ ಅರ್ಥದ ಮಾತೊಂದು ಅವರ ಹೆಸರಿನಲ್ಲಿ ಎಲ್ಲೆಲ್ಲೂ ಓಡಾಡುತ್ತಿದೆ. ಅದು ಸಿನಿಮಾ ಬರೆದವರದು, ಅವರದಲ್ಲ. ಆದರೂ ಆ ಬಾಯಿ ತೆರೆದ ಮುಖದ ಫೋಟೋ ನೋಡಿದರೆ ಪೂರಾ ಸುಳ್ಳು ಎನ್ನಲೂ ಮನಸ್ಸು ಬಾರದು.

ಜಪಾನ್ ಜೊತೆಗಿನ ಬ್ರಿಟನ್ನಿನ ಯುದ್ಧ ಹತ್ತಿರವಾದಾಗ, 1941ರಲ್ಲಿ, ಬಸುರಿ ಹೆಂಡತಿ ಫ್ಲಾರೆನ್ಸ್ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಕೆನಡಾಕ್ಕೆ ಕಳಿಸಿ ತಾವು ಉಳಿದರು. 1943ರಲ್ಲಿ ಜಪಾನೀಯರು ಅವರನ್ನು ಶಾಂಡೊಂಗ್ ಪ್ರಾಂತ್ಯದ ವೈಶೆನ್ ಎಂಬಲ್ಲಿನ ಸೆರೆ ಶಿಬಿರಕ್ಕೆ ಹಾಕಿದರು. ಹಳೆಯ ಮಿಷನ್ ಆವರಣವೊಂದರೊಳಗೆ ಸುಮಾರು 1,500 ಜನ. ಅಪ್ಪ ಅಮ್ಮ ಎಲ್ಲೋ ದೂರದಲ್ಲಿ ಉಳಿದು, ಬೋರ್ಡಿಂಗ್ ಶಾಲೆಯಿಂದ ನೇರವಾಗಿ ಇಲ್ಲಿಗೆ ಬಂದ ಮಕ್ಕಳೂ ಅವರಲ್ಲಿದ್ದರು. ಆ ಮಕ್ಕಳಿಗೆ ಲಿಡೆಲ್ ‘ಅಂಕಲ್ ಎರಿಕ್’. ಪಾಠ ಹೇಳಿದರು. ಮುರಿದ ಹಾಕಿ ಕೋಲುಗಳಿಗೆ ಹಾಸಿಗೆಯ ಬಟ್ಟೆ ಹರಿದು ಪಟ್ಟಿ ಸುತ್ತಿ ಕೊಟ್ಟರು. ಆಟ ಆಡಿಸಿದರು. ಭಾನುವಾರ ಮಾತ್ರ ಆಟ ಇಲ್ಲ.

ಹದಿಹರೆಯದವರು ಕೇಳುತ್ತಾರೆಯೇ? ಗೋಡೆಯೊಳಗೆ ಕೂಡಿಹಾಕಿದ ಹುಡುಗ ಹುಡುಗಿಯರಿಗೆ ಭಾನುವಾರವೇ ಎಲ್ಲಕ್ಕಿಂತ ಉದ್ದದ ದಿನ. ತಾವೇ ಹಾಕಿ ಪಂದ್ಯ ಹೂಡಿದರು. ರೆಫರಿಯಿಲ್ಲದ ಆಟ ಸ್ವಲ್ಪ ಹೊತ್ತಿಗೆಲ್ಲ ಹೊಡೆದಾಟವಾಯಿತು. ಮುಂದಿನ ಭಾನುವಾರ ಮತ್ತೆ ಪಂದ್ಯ. ಆ ದಿನ ಮೈದಾನದ ನಡುವೆ ರೆಫರಿಯಾಗಿ ಬಂದು ನಿಂತವರು ಲಿಡೆಲ್. ಆ ಶಿಬಿರದಲ್ಲಿ ಬೆಳೆದವರು ಮುಂದೆ ಎಷ್ಟೋ ಸಲ ಹೇಳಿಕೊಂಡ ಪ್ರಸಂಗ ಇದು.

ಒಲಿಂಪಿಕ್ ಚಿನ್ನಕ್ಕೆ ಮುರಿಯದ ನೇಮ, ಮಕ್ಕಳ ಜಗಳಕ್ಕೆ ಮುರಿಯಿತು. ಮುರಿಯಿತೋ, ಇಲ್ಲ ಅದರೊಳಗಿದ್ದದ್ದೇ ಹೊರಬಂತೋ? ಶನಿವಾರದ ಒಪ್ಪೊತ್ತು ಹಿಡಿದ ಅಜ್ಜಿಯರನ್ನು ನೋಡಿದವರಿಗೆ ಇದು ಹೊಸತೇನಲ್ಲ. ಮದುವೆ ಮನೆಯ ಹೋಳಿಗೆಗೂ ಜಗ್ಗದ ಅಜ್ಜಿ, ಮೊಮ್ಮಗು ಎಂಜಲು ಕೈಯಿಂದ ಬಾಯಿಗಿಟ್ಟ ಚಕ್ಕುಲಿ ಚೂರನ್ನು ಉಗುಳದೆ ನುಂಗಿಬಿಡುತ್ತಾಳೆ. ಆಮೇಲೆ ಬಾಯಿ ಮುಕ್ಕಳಿಸಿ, ದೇವರ ಕೋಣೆಯ ಕಡೆ ಒಮ್ಮೆ ನೋಡಿ, ತನ್ನ ಒಪ್ಪೊತ್ತು ಮುಂದುವರಿಸುತ್ತಾಳೆ. ಲಿಡೆಲ್‌ಗೂ ಪ್ಯಾರಿಸ್‌ನಲ್ಲಿ ಭಾನುವಾರ ಓಡಿದ್ದರೆ ಓಟದ ಸುಖ, ಗೆದ್ದ ಹೆಸರು ಸಿಗುತ್ತಿತ್ತು. ವೈಶೆನ್‌ನಲ್ಲಿ ರೆಫರಿಯಾಗಿ ನಿಂತದ್ದರಿಂದ ತಮಗಾಗಿ ಸಿಕ್ಕಿದ್ದು ಏನೂ ಇಲ್ಲ. ಎರಡು ಭಾನುವಾರಗಳ ನಡುವಿನ ಈ ವ್ಯತ್ಯಾಸವನ್ನು ಅವರು ಎಂದಾದರೂ ಯಾರ ಮುಂದಾದರೂ ಬಿಡಿಸಿ ಹೇಳಿದ್ದರೆ ಚೆನ್ನಾಗಿತ್ತು. ಅಥವಾ ಹೇಳದಿದ್ದದ್ದೇ ಚೆನ್ನ.

ಶಿಬಿರದ ಒಂದು ಚಳಿಗಾಲದಲ್ಲಿ ಸ್ಟೀವನ್ ಮೆಟ್‌ಕಾಫ್ ಎಂಬ ಹುಡುಗನ ಕಾಲಿಗೆ ಹಾಕಲು ಬೂಟಿರಲಿಲ್ಲ. ಲಿಡೆಲ್ ತಮ್ಮ ಓಟದ ಶೂಗಳನ್ನೇ ತಂದುಕೊಟ್ಟರು. ಸವೆದವು, ತೇಪೆ ಹಾಕಿ ದಾರದಿಂದ ಬಿಗಿದವು. ಆ ಹುಡುಗ ದೊಡ್ಡವನಾಗಿ, ಕಾವಲುಗಾರರ ದೇಶವಾಗಿದ್ದ ಜಪಾನಿಗೇ ಮಿಷನರಿಯಾಗಿ ಹೋದ.

ಶೂ ಕೊಟ್ಟ ಕೆಲವೇ ವಾರಗಳಲ್ಲಿ, 1945ರ ಫೆಬ್ರುವರಿ 21ರ ರಾತ್ರಿ, ಲಿಡೆಲ್ ಶಿಬಿರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಮೆದುಳಿನಲ್ಲಿ ಗೆಡ್ಡೆ ಬೆಳೆದಿತ್ತು. ವಯಸ್ಸು 43. ಕೆನಡಾದಲ್ಲಿ ಹುಟ್ಟಿದ ಮೂರನೆಯ ಮಗಳ ಮುಖವನ್ನು ಅವರು ಒಮ್ಮೆಯೂ ನೋಡಲಿಲ್ಲ. ತೀರಿಕೊಂಡ ದಿನವೇ ಹೆಂಡತಿಗೆ ಬರೆದ ಪುಟ್ಟ ಕಾಗದದಲ್ಲಿ ದೇವರಿಗಾಗಿ ಏನೇನು ಬಿಟ್ಟೆ ಎಂಬ ಪಟ್ಟಿಯೇನೂ ಇಲ್ಲ. ತುಂಬಾ ಹೊಣೆ ಹೊತ್ತು ಆಯಾಸವಾಗಿತ್ತು, ಈಗ ವಾಸಿ, ಪಾಠ ಮತ್ತು ಆಟ ಎರಡನ್ನೂ ಬಿಟ್ಟು ಬೇರೆ ಕೆಲಸಕ್ಕೆ ಹೋಗು ಎಂದು ಡಾಕ್ಟರು ಹೇಳುತ್ತಿದ್ದಾರೆ, ಬ್ರೆಡ್ಡು ಬೇಯಿಸುವಂಥದ್ದೇನಾದರೂ, ಬದಲಾವಣೆ ಒಳ್ಳೆಯದೇ ಎಂದಷ್ಟೇ ಬರೆದಿದ್ದರು.