ಗಂಜಿಯಾದ ಮೇಲೆ ಏನು?

(ಬೇಗೂರಿನ ಸಭೆಯಲ್ಲಿ ಮಾಡಿದ ಭಾಷಣ)



ಸುಡಾನ್ ದೇಶದಲ್ಲಿ 2023ರ ಏಪ್ರಿಲಿನಲ್ಲಿ ಸೇನೆಯೂ ಅರೆಸೇನಾ ಪಡೆಯೂ ಕಾದಾಟಕ್ಕೆ ಇಳಿದವು. 2024ರ ಆಗಸ್ಟಿನಲ್ಲಿ ಅಲ್ಲಿನ ಜಮ್‌ಜಮ್ ಶಿಬಿರಕ್ಕೆ ಕ್ಷಾಮ ಬಂದಿದೆಯೆಂದು ಜಗತ್ತಿಗೆ ಸಾರಲಾಯಿತು. ಗಿರಣಿಯವರು ಒಂದು ದಿನದ ಕೂಲಿ, ಅಂಗಡಿಯವರು ಒಂದು ಮೂಟೆ ಅಕ್ಕಿಯ ಬೆಲೆ ಕೊಡೋಣವೇ ಎಂದು ಕೇಳಿದ್ದೀರಿ. ಕೊಡಿ. ಹಸಿದವನ ಮುಂದೆ ವಾದ ಬೇಡ, ಗಂಜಿ ಬೇಕು. ಆದರೆ ಗಂಜಿಯಾದ ಮೇಲೆ ಏನು ಎಂದು ತಿಳಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯನ್ನೇ ನೋಡಿ.

1959ರಲ್ಲಿ ಟಿಬೆಟ್ಟಿನಿಂದ ಓಡಿಬಂದವರಲ್ಲಿ ಬಹಳ ಮಂದಿ ಮೊದಲು ಹಿಮಾಲಯದ ರಸ್ತೆಗಳಿಗೆ ಕಲ್ಲು ಒಡೆದರು. ಎಷ್ಟೋ ಜನ ಕಾಯಿಲೆ ಬಿದ್ದು ಸತ್ತರು. 1960ರಲ್ಲಿ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಒದಗಿಸಿತು. ಡೇರೆಗಳಲ್ಲಿ ಮಲಗಿ, ಕಾಡು ಕಡಿದು, ಆನೆ ಓಡಿಸಿ, ಅವರು ಮುಸುಕಿನ ಜೋಳ ಬೆಳೆದರು. 1974ರಲ್ಲಿ ನಮ್ಮ ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದಲ್ಲಿಯೂ ಅಂಥದೇ ವಸತಿ ಎದ್ದಿತು. ಹೊಲ, ಶಾಲೆ, ಆಸ್ಪತ್ರೆ, ಸಹಕಾರ ಸಂಘ ಎಲ್ಲವೂ ಬಂದವು. ಪರದೇಶದ ದಾನವೂ ಬಂತು, ನಿಜ. ಆದರೆ ಆ ದಾನಕ್ಕೆ ಬೇರೂರಲು ನೆಲವಿತ್ತು. ಇವರ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ನಮ್ಮ ಹಳ್ಳಿಯ ಬಡವರ ಕಡೆಗೂ ತಿರುಗಿತು.

ಈಗ ಇನ್ನೊಂದು ಮಗ್ಗುಲು. ಅದೇ 1974ರಲ್ಲಿ ಬಿಳಿಗಿರಿರಂಗನ ಬೆಟ್ಟವನ್ನು ವನ್ಯಜೀವಿಧಾಮವೆಂದು ಸಾರಿದರು. ಕಾಡಿನೊಳಗಿನ ಪೋಡುಗಳಲ್ಲಿ ರಾಗಿ ಬಿತ್ತುತ್ತಿದ್ದ ಸೋಲಿಗರ ಬೇಸಾಯ ನಿಂತಿತು. ಅವರನ್ನು ತಂದು ರಸ್ತೆಬದಿಯ ಕಾಲೊನಿಗಳಲ್ಲಿ ಕೂರಿಸಿದರು. ಮುಂದೆ ಜೇನು, ನೆಲ್ಲಿಕಾಯಿ ತಂದು ಮಾರುವುದಕ್ಕೂ ತಡೆ ಬಂತು. ಅಲ್ಲಿ ಯಾರೂ ಗುಂಡು ಹಾರಿಸಲಿಲ್ಲ, ಆದ್ದರಿಂದ ಅವರನ್ನು ಯಾರೂ ನಿರಾಶ್ರಿತರೆಂದು ಕರೆಯಲಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಡಿ ಅವರ ಸಾಮುದಾಯಿಕ ಹಕ್ಕಿಗೆ ಮನ್ನಣೆ ಸಿಕ್ಕಿದ್ದು 2011ರಲ್ಲಿ, ಅಂದರೆ 37 ವರ್ಷಕ್ಕೆ.

ಪರದೇಶದವರಿಗೆ ನೆಲ ಕೊಟ್ಟು ನಮ್ಮವರನ್ನು ಬಿಟ್ಟರೆಂದು ಕೆಲವರು ಗೊಣಗುವುದುಂಟು. ಆ ಮಾತಿಗೆ ನಾನು ಸೇರುವವನಲ್ಲ. ಟಿಬೆಟ್ಟಿನವರಿಗೆ ಮಾಡಿದ್ದು ಸರಿಯಾಗಿಯೇ ಇತ್ತು. ಅದನ್ನೇ ಸೋಲಿಗರಿಗೂ ಮಾಡಬಹುದಿತ್ತು ಎಂಬುದೇ ನನ್ನ ದೂರು.

ಸುಡಾನಿನ ರೈತರೂ ಜೋಳ ಉಣ್ಣುವವರು. ಅವರ ಬಿತ್ತನೆ ಜೂನ್, ಜುಲೈ ಮಳೆಗೆ. ಹಣದ ಜೊತೆ ಹೋಗುವ ಕಾಗದದಲ್ಲಿ ಹೀಗೆ ಬರೆಯೋಣ: ಅರ್ಧ ಊಟಕ್ಕೆ, ಅರ್ಧ ಬಿತ್ತನೆ ಬೀಜಕ್ಕೆ. ಇನ್ನೊಂದು ಕಾಗದ ಚಾಮರಾಜನಗರದ ಜಿಲ್ಲಾಧಿಕಾರಿಗಳಿಗೆ: ಪೋಡುಗಳಿಂದ ಬಂದ ಹಕ್ಕುಪತ್ರದ ಅರ್ಜಿಗಳಲ್ಲಿ ತೀರ್ಮಾನವಾಗದೆ ಉಳಿದವು ಎಷ್ಟು? ಎರಡೂ ಕಾಗದಗಳು ಈ ಮೇಜಿನ ಮೇಲಿವೆ. ಡಬ್ಬಿಯೂ ಇದೆ. ಸಹಿ ಹಾಕುವವರು ಸಾಲಾಗಿ ಬನ್ನಿ.